ಹಡಗಲಿಯಲ್ಲಿ ಹುಟ್ಟಿದ ಪಂಡಿತರೂ ಉಲ್ಲೇಖಗಳ ಲೆಕ್ಕವೂ

ಕಳೆದ ವರ್ಷ ಅರ್ಥಶಾಸ್ತ್ರದ ತರಗತಿಗಾಗಿ ನಮ್ಮೂರು ಕಡ್ಡಿರಾಂಪುರದ ಬಾಳೆತೋಟಗಳನ್ನು ಕುರಿತು ಚಿಕ್ಕದೊಂದು ಪ್ರಬಂಧವನ್ನು ಬರೆದಿದ್ದೆನು. ಅದರಲ್ಲಿ ಗೊನೆಯ ಸರಾಸರಿ ತೂಕವನ್ನು ಹೇಳಿದವರು ನನ್ನ ತಂದೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಕಣ್ಣಳತೆಯಿಂದಲೇ ಗೊನೆಯ ತೂಕವನ್ನು ಹೇಳಬಲ್ಲರು. "ಈ ಅಂಕಿಗೆ ಆಧಾರವೇನು?" ಎಂದು ಅಧ್ಯಾಪಕರು ಕೇಳಿದಾಗ ತಂದೆಯ ಹೆಸರನ್ನೆತ್ತಲು ನನಗೆ ನಾಚಿಕೆಯಾಯಿತು. ಅಂಕಿಯನ್ನೇ ಹೊಡೆದುಹಾಕಿದೆನು. ಅಂದಿನಿಂದ ಆಧಾರ, ಉಲ್ಲೇಖ ಎಂಬ ಮಾತುಗಳು ನನ್ನ ಬೆನ್ನು ಬಿಟ್ಟಿಲ್ಲ. ಓದಿ ತಿಳಿದಷ್ಟನ್ನು ಸಹಪಾಠಿಗಳ ಮುಂದಿಡುವೆನು.

ಒಬ್ಬ ಸಂಶೋಧಕನ ಲೇಖನವನ್ನು ಮತ್ತೊಬ್ಬನು ಬಳಸಿಕೊಂಡು, ಹಾಗೆ ಬಳಸಿದೆನೆಂದು ಹೆಸರು ಹೇಳುವುದೇ ಉಲ್ಲೇಖ. ಇವುಗಳ ದೊಡ್ಡ ಲೆಕ್ಕಪುಸ್ತಕವನ್ನು ಇಡಬೇಕೆಂದು ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ಸೂಚಿಸಿದನು. 1964ರಲ್ಲಿ ವಿಜ್ಞಾನದ ಉಲ್ಲೇಖ ಸೂಚಿಯನ್ನು ಹೊರತಂದನು. 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಎಂಬಾತನು ಇನ್ನೊಂದು ಅಳತೆಯನ್ನು ಮುಂದಿಟ್ಟನು, ಅದು ಎಚ್-ಸೂಚ್ಯಂಕ. ಐದು ಲೇಖನಗಳಿಗೆ ಕ್ರಮವಾಗಿ 10, 8, 5, 4, 3 ಉಲ್ಲೇಖಗಳು ಬಂದಿದ್ದರೆ, ನಾಲ್ಕು ಲೇಖನಗಳಿಗೆ ನಾಲ್ಕಕ್ಕೆ ಕಡಿಮೆಯಿಲ್ಲದಂತೆ ಬಂದಿರುವುದರಿಂದ ಸೂಚ್ಯಂಕ 4. ಇಷ್ಟೇ ಇದರ ಮರ್ಮ. ಇಂದು ಬೆಂಗಳೂರಿನ ತಂತ್ರಾಂಶ ಸಂಶೋಧಕರನ್ನೂ ಇದೇ ತಕ್ಕಡಿಯಲ್ಲಿ ತೂಗುತ್ತಾರೆ. ಅವರ ವಿದ್ಯೆಯಲ್ಲಿ ಒಳ್ಳೆಯ ಲೇಖನಗಳು ಪತ್ರಿಕೆಗಳಿಗಿಂತ ಹೆಚ್ಚಾಗಿ ಸಮ್ಮೇಳನಗಳಲ್ಲಿ ಪ್ರಕಟವಾಗುವುದರಿಂದ, ಪತ್ರಿಕೆಗಳನ್ನಷ್ಟೇ ಎಣಿಸುವ ತಕ್ಕಡಿ ಅವರಿಗೆ ಕಡಿಮೆಯನ್ನೇ ತೋರಿಸುತ್ತದೆ.

ಈ ಲೆಕ್ಕಕ್ಕೆ ಸಿಕ್ಕಿಯೂ ಸಿಕ್ಕದ ಒಬ್ಬ ಮಹನೀಯರು ನಮ್ಮ ನೆರೆಯ ಹೂವಿನಹಡಗಲಿಯಲ್ಲಿಯೇ ಹುಟ್ಟಿದವರು. ಅವರು ಸಿ. ಆರ್. ರಾವ್, ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು, ತೆಲುಗು ಮನೆತನದಲ್ಲಿ. ಎಂಟನೆಯ ಮಗುವಾದ್ದರಿಂದ ಕೃಷ್ಣನ ಹೆಸರು ಸೇರಿ ರಾಧಾಕೃಷ್ಣ ಎಂದಾಯಿತು. ಓದಿದ್ದು ಆಂಧ್ರದಲ್ಲಿ. ಕೆಲಸ ಹುಡುಕಿಕೊಂಡು ಕಲ್ಕತ್ತೆಗೆ ಹೋದ ತರುಣನಿಗೆ ಆ ಕೆಲಸ ದೊರೆಯಲಿಲ್ಲ, ದೊರೆತದ್ದು ಸಂಖ್ಯಾಶಾಸ್ತ್ರ. (ಕೆಲಸ ದೊರೆತಿದ್ದರೆ ಲೋಕಕ್ಕೆ ನಷ್ಟವಾಗುತ್ತಿತ್ತೆಂದು ನನಗೆ ಅನ್ನಿಸುತ್ತದೆ.)

ಮುಂದೆ ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ ಅವರು ಪಾಠ ಹೇಳುತ್ತಿದ್ದಾಗ ನಡೆದುದು ಹೀಗೆ. ದೊಡ್ಡ ಮಾದರಿಗಳಿಗೆ ಸಂಬಂಧಿಸಿದ ಫಿಷರ್‌ನ ಫಲಿತವೊಂದನ್ನು ವಿವರಿಸಿದರು. ವಿದ್ಯಾರ್ಥಿಯೊಬ್ಬನು ಎದ್ದು, "ಚಿಕ್ಕ ಮಾದರಿಗಳಿಗೂ ಇಂಥದೊಂದನ್ನು ಸಾಧಿಸಬಹುದೆ?" ಎಂದು ಕೇಳಿದನು. ಉತ್ತರ ಗುರುಗಳ ಬಳಿ ಇರಲಿಲ್ಲ. ಆ ರಾತ್ರಿಯೆಲ್ಲ ಕುಳಿತು ಸಾಧಿಸಿ, ಮರುದಿನ ತರಗತಿಯಲ್ಲಿ ತೋರಿಸಿದರು. 1945ರಲ್ಲಿ ಕಲ್ಕತ್ತ ಗಣಿತ ಸಂಘದ ಪತ್ರಿಕೆಯಲ್ಲಿ ಬಂದ ಅವರ ಲೇಖನದಲ್ಲಿ ಅದು ಸೇರಿತು. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು.

ಅದರ ಸಾರವನ್ನು ಬಾಳೆಯಿಂದಲೇ ಹೇಳುವೆನು. ತೋಟವನ್ನು ಕೊಳ್ಳಬಂದ ವ್ಯಾಪಾರಿ ಕೆಲವು ಗೊನೆಗಳನ್ನು ತೂಗಿ, ಇಡೀ ತೋಟದ ಸರಾಸರಿಯನ್ನು ಊಹಿಸುತ್ತಾನೆ. ಊಹಿಸುವ ದಾರಿ ಎಷ್ಟು ಜಾಣತನದ್ದಾದರೂ, ಅದು ಒಂದೇ ಪಕ್ಕಕ್ಕೆ ವಾಲದಿದ್ದರೆ, ಅದರ ತಪ್ಪು ಒಂದು ಮಿತಿಗಿಂತ ಕೆಳಗಿಳಿಯಲಾರದು. ತೂಗಿದ ಗೊನೆಗಳಲ್ಲಿ ಅಡಗಿರುವ ಮಾಹಿತಿಯೇ ಆ ಮಿತಿಯನ್ನು ಕಟ್ಟುತ್ತದೆ. ತಪ್ಪನ್ನು ಅರ್ಧಕ್ಕೆ ಇಳಿಸಬೇಕಾದರೆ ಸಾಮಾನ್ಯವಾಗಿ ನಾಲ್ಕು ಪಟ್ಟು ಗೊನೆಗಳನ್ನು ತೂಗಬೇಕು. ಸ್ವೀಡನ್ನಿನ ಕ್ರಾಮೇರ್ 1946ರಲ್ಲಿ ತನ್ನ ಗ್ರಂಥದಲ್ಲಿ ಇದನ್ನು ಸ್ವತಂತ್ರವಾಗಿ ಹೇಳಿದ್ದರಿಂದ ಇದು ಕ್ರಾಮೇರ್–ರಾವ್ ಮಿತಿಯೆನಿಸಿತು. ಫ್ರಾನ್ಸಿನ ಫ್ರೆಶೆ 1943ರಲ್ಲಿಯೇ ಇದರ ಹತ್ತಿರ ಬಂದಿದ್ದನೆಂಬುದನ್ನು ಮರೆಮಾಚಬಾರದು. ಅದೇ ಲೇಖನದಲ್ಲಿ, ಒರಟಾದ ಅಂದಾಜನ್ನು ಉತ್ತಮಪಡಿಸುವ ಇನ್ನೊಂದು ಪ್ರಮೇಯವೂ ಇತ್ತು. ಅದಕ್ಕೆ ರಾವ್–ಬ್ಲ್ಯಾಕ್‌ವೆಲ್ ಎಂದು ಹೆಸರು.

ಇಲ್ಲಿಯೇ ಲೆಕ್ಕದ ಸೋಜಿಗ. ರೇಡಾರಿನವರೂ ಸಂಜ್ಞೆಗಳನ್ನು ಶೋಧಿಸುವ ಎಂಜಿನಿಯರರೂ ಈ ಮಿತಿಯನ್ನು ದಿನನಿತ್ಯ ಬಳಸುತ್ತಾರೆ. ಆದರೆ ಹೆಸರು ಪಾಠಪುಸ್ತಕದ ಮಾತಾಗಿಬಿಟ್ಟ ಮೇಲೆ ಮೂಲ ಲೇಖನವನ್ನು ಉಲ್ಲೇಖಿಸುವವರು ಕೆಲವರೇ. ಬಹಳ ಬಳಕೆಯಾದುದೇ ಎಣಿಕೆಗೆ ತಪ್ಪಿಹೋಗುತ್ತದೆ! ಅಲ್ಲದೆ ಆ ಒಂದೇ ಲೇಖನವನ್ನು ಬರೆದು ಅವರು ಸುಮ್ಮನಾಗಿದ್ದರೆ, ಎಷ್ಟು ಸಾವಿರ ಉಲ್ಲೇಖಗಳು ಬಂದರೂ ಎಚ್-ಸೂಚ್ಯಂಕ ಕೇವಲ 1. 2023ರಲ್ಲಿ, ಆ ಲೇಖನ ಹೊರಬಂದು 78 ವರ್ಷಗಳಾದ ಮೇಲೆ, ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಿತು. ಅದೇ ಆಗಸ್ಟಿನಲ್ಲಿ, 102ನೆಯ ವಯಸ್ಸಿನಲ್ಲಿ, ಅಮೆರಿಕದಲ್ಲಿ ತೀರಿಕೊಂಡರು.

ಪ್ರಶ್ನೆ ಕೇಳಿದ ಆ ವಿದ್ಯಾರ್ಥಿ ಯಾರು? ವಿ. ಎಂ. ದಾಂಡೇಕರ್. 1971ರಲ್ಲಿ ನೀಲಕಂಠ ರಥ್ ಅವರೊಡನೆ ಭಾರತದ ಬಡತನವನ್ನು ಕುರಿತು ಬರೆದು, ದಿನಕ್ಕೆ 2250 ಕ್ಯಾಲೊರಿಯ ಆಹಾರವನ್ನು ಅಳತೆಗೋಲಾಗಿಟ್ಟ ಅರ್ಥಶಾಸ್ತ್ರಜ್ಞರು ಇವರೇ. ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಹೆಸರು! ರಾವ್ ಅವರು ಆ ಪ್ರಶ್ನೆಯನ್ನು ಕೇಳಿದವರಾರೆಂಬುದನ್ನು ಮುಚ್ಚಿಡಲಿಲ್ಲ, ತಾವೇ ಹೇಳಿಕೊಂಡರು. ಅದರಿಂದಲೇ ನಮಗೂ ತಿಳಿಯಿತು.

ಈ ವರ್ಷ ಅದೇ ಪ್ರಬಂಧವನ್ನು ತಿದ್ದಿ ಬರೆಯುತ್ತಿದ್ದೇನೆ. ಹದಿನಾರು ಗೊನೆಗಳನ್ನು ನಾನೇ ತೂಗಿದ್ದೇನೆ. ಅಂಕಿಯ ಪಕ್ಕದಲ್ಲಿ ತಂದೆಯ ಹೆಸರನ್ನು, "ಬಾಳೆ ಬೆಳೆಗಾರರು, ಕಡ್ಡಿರಾಂಪುರ" ಎಂದು ಸೇರಿಸಿ ಬರೆದಿದ್ದೇನೆ. ರಾತ್ರಿ ಅದನ್ನು ಓದಿ ಹೇಳಿದೆನು. ಅಪ್ಪ ಹೆಸರಿನ ಮಾತನ್ನೇ ಎತ್ತಲಿಲ್ಲ.

"ಎಷ್ಟು ಗೊನಿ ತೂಗಿದಿ?" ಎಂದರು.

"ಹದಿನಾರು."

"ಸಾಲದು. ಕಾಲುವೆ ಕಡೀ ಸಾಲಿನವು ತೂಗೇ ಇಲ್ಲ ನೀನು."