ಕರೆಂಟ್ ಒಲೆ ತರುವ ಮೊದಲು ಅರ್ಥ್ ಗುಂಡಿ ತೋಡಿ

ಯಾವಗಲ್ ಸುತ್ತಿನ ನಮ್ಮ ಎರೆ ಸೀಮೆಯಲ್ಲಿ ಉರುವಲು ಅಂದರೆ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕುಳ್ಳು. ಅವುಗಳ ಜೊತೆಗೆ ಗ್ಯಾಸ್ ಬಂತು. ಈಗ ಮೂರನೆಯದಾಗಿ ಕರೆಂಟ್ ಒಲೆ ಬಂದು ಕೂತಿದೆ. ಸಿಲಿಂಡರ್ ಖಾಲಿಯಾದ ದಿನಕ್ಕೆ ಇರಲಿ ಅಂತ ತಂದವರು, ಮಗಳಿಗೆ ಮದುವೆಯಲ್ಲಿ ಕೊಟ್ಟವರು, ಮುಂಜಾನೆ ಬೇಗ ಚಹ ಆಗಲಿ ಅಂತ ತಂದವರು, ಹೀಗೆ ಒಬ್ಬೊಬ್ಬರದು ಒಂದೊಂದು ಕಾರಣ. ಎರಡು ಮೂರು ಸಾವಿರ ರೂಪಾಯಿ ಕೊಟ್ಟು ಒಲೆ ತರುತ್ತಾರೆ. ತಂದ ದಿನವೇ ಟಿವಿಯ ಸಾಕೆಟ್ಟಿಗೆ ಚುಚ್ಚಿ ಹಾಲು ಕಾಯಿಸುತ್ತಾರೆ. ಗೋಡೆಯೊಳಗಿನ ವಾಯರು ಯಾವುದು, ಅರ್ಥ್ ಇದೆಯೋ ಇಲ್ಲವೋ ಅಂತ ಕೇಳುವವರು ಕಡಿಮೆ.

ಈ ಲೇಖನ ಅದರ ಬಗ್ಗೆ. ಒಲೆಯಲ್ಲಿ ಏನು ಅಡುಗೆ ಮಾಡಬಹುದು ಎಂಬುದನ್ನು ಮನೆಯ ಹೆಣ್ಣುಮಕ್ಕಳು ನಮಗಿಂತ ಚೆನ್ನಾಗಿ ಬಲ್ಲರು. ಅವರು ಬರಿಗಾಲಲ್ಲಿ, ಸಾರಿಸಿದ ಹಸಿ ನೆಲದ ಮೇಲೆ ನಿಂತು, ಒದ್ದೆ ಕೈಯಲ್ಲಿ ಮುಟ್ಟುವ ವಸ್ತು ಇದು. ಹಾಗಾಗಿ ಗಂಡಸರು ಮಾಡಬೇಕಾದ ಕೆಲಸ ಒಲೆ ತರುವುದಕ್ಕಿಂತ ಮೊದಲೇ ಶುರುವಾಗಬೇಕು.

ಎಷ್ಟು ಕರೆಂಟ್ ಎಳೆಯುತ್ತದೆ?

ಒಲೆಯ ಹಿಂದೆ ಅಂಟಿಸಿದ ಚೀಟಿಯಲ್ಲಿ ವ್ಯಾಟ್ ಬರೆದಿರುತ್ತದೆ. ಹೆಚ್ಚಿನವು 1600ರಿಂದ 2000 ವ್ಯಾಟ್. ಇದನ್ನು 230 ವೋಲ್ಟಿನಿಂದ ಭಾಗಿಸಿದರೆ ಆಂಪ್ ಸಿಗುತ್ತದೆ. 2000 ವ್ಯಾಟಿನ ಒಲೆ ಸುಮಾರು 8.7 ಆಂಪ್ ಎಳೆಯುತ್ತದೆ. 9 ವ್ಯಾಟಿನ ಎಲ್‌ಇಡಿ ಬಲ್ಬುಗಳಾದರೆ ಇನ್ನೂರಾ ಇಪ್ಪತ್ತು ಒಟ್ಟಿಗೆ ಉರಿಸಿದ ಹಾಗಾಯಿತು. ಟಿವಿ, ಮೊಬೈಲ್ ಚುಚ್ಚುವ ಚಿಕ್ಕ ಸಾಕೆಟ್ಟಿನ ತಾಕತ್ತು 6 ಆಂಪ್ ಮಾತ್ರ. ಒಲೆಗೆ 16 ಆಂಪಿನ ದಪ್ಪ ಸಾಕೆಟ್ಟೇ ಬೇಕು. ಒಂದು ಬಾಕ್ಸಿನಲ್ಲಿ ನಾಲ್ಕು ಪಿನ್ ಚುಚ್ಚುವ ಎಕ್ಸ್‌ಟೆನ್ಷನ್ ವಾಯರು ಇದಕ್ಕೆ ಬೇಡವೇ ಬೇಡ.

ಸಾಕೆಟ್ ದೊಡ್ಡದು ಮಾಡಿ ಹಿಂದಿನ ವಾಯರು ಹಳೆಯದೇ ಇದ್ದರೆ ಪ್ರಯೋಜನವಿಲ್ಲ. ದೀಪಕ್ಕೆಂದು ಎಳೆದ ಒಂದು ಎಂಎಂ ವಾಯರಿನ ಮೇಲೆ ದಿನಾ ಎರಡು ತಾಸು ಒಂಬತ್ತು ಆಂಪ್ ಹರಿಸಿದರೆ ವಾಯರು ಬಿಸಿಯಾಗಿ ಮೇಲಿನ ಪ್ಲಾಸ್ಟಿಕ್ ಗಡಸಾಗುತ್ತದೆ, ಆಮೇಲೆ ಉದುರುತ್ತದೆ. ಅಂಗಡಿಯಲ್ಲಿ ‘ಎರಡೂವರೆ ಎಂಎಂ’ ಅಂತ ಕೇಳಿ ತಾಮ್ರದ ವಾಯರು ತನ್ನಿ. ಮೀಟರ್ ಬೋರ್ಡಿನಿಂದ ಒಲೆಯ ಸಾಕೆಟ್ಟಿನ ತನಕ ನಡುವೆ ಎಲ್ಲೂ ಜೋಡಣೆ ಇಲ್ಲದೆ ಬೇರೆಯೇ ಲೈನು ಎಳೆಸಿ. ಮೂರು ಎಳೆ: ಫೇಸು, ನ್ಯೂಟ್ರಲ್, ಹಸಿರು ಬಣ್ಣದ ಅರ್ಥ್. ಸ್ವಿಚ್ಚು ಫೇಸಿನ ಎಳೆಯಲ್ಲೇ ಬರಬೇಕು. ನ್ಯೂಟ್ರಲ್ಲಿಗೆ ಸ್ವಿಚ್ಚು ಹಾಕಿದರೂ ಒಲೆ ಆರುತ್ತದೆ, ಹಾಗಾಗಿ ತಪ್ಪು ಗೊತ್ತಾಗುವುದಿಲ್ಲ. ಆದರೆ ಆರಿಸಿದ ಒಲೆಯೊಳಗೆ ಕರೆಂಟ್ ನಿಂತೇ ಇರುತ್ತದೆ.

ಬೆಂಕಿ ಹುಟ್ಟುವ ಜಾಗ ಹೆಚ್ಚಾಗಿ ಸಡಿಲ ಜೋಡಣೆ. ಒಲೆ ಹಚ್ಚಿ ಅರ್ಧ ತಾಸಾದ ಮೇಲೆ ಸ್ವಿಚ್ ಆರಿಸಿ ಪ್ಲಗ್ ಮುಟ್ಟಿ ನೋಡಿ. ಉಗುರು ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿ ಇದ್ದರೆ, ಇಲ್ಲವೆ ಸಾಕೆಟ್ಟಿನ ತೂತು ಕಂದಾಗಿದ್ದರೆ, ಅದು ಸಾಕೆಟ್ ಬದಲಿಸುವ ಸೂಚನೆ.

ಭಾಗ್ಯಜ್ಯೋತಿ, ಕುಟೀರಜ್ಯೋತಿಯಲ್ಲಿ ಕರೆಂಟ್ ಪಡೆದ ಮನೆಗಳಲ್ಲಿ ಇನ್ನೊಂದು ತೊಡಕು ಇದೆ. ಕಂಬದಿಂದ ಮನೆಗೆ ಬಂದ ಸರ್ವಿಸ್ ವಾಯರನ್ನೇ ಒಂದೆರಡು ಬಲ್ಬಿಗೆಂದು ಹಾಕಿರುತ್ತಾರೆ. ನಾವು ಈಗಲೂ ಕೆಇಬಿ ಎಂದೇ ಕರೆಯುವ ಹೆಸ್ಕಾಂ ಶಾಖೆಗೆ ಹೋಗಿ, ಲೋಡ್ ಹೆಚ್ಚಿಸಲು ಅರ್ಜಿ ಕೊಟ್ಟು, ಪರವಾನಗಿ ಇರುವ ಗುತ್ತಿಗೆದಾರರಿಂದ ಕೆಲಸ ಮಾಡಿಸಿಕೊಳ್ಳುವುದು ದಾರಿ. ಓಡಾಟ ಇದೆ, ಖರೀ. ಆದರೂ ಮಾಡಲೇಬೇಕು.

ಮಳೆಗಾಲದ ಅರ್ಥ್ ಬೇಸಿಗೆಗೆ ಇಲ್ಲ

ಎರೆ ಮಣ್ಣಿನ ಗುಣ ನಮಗೆ ಹೇಳಿಕೊಡಬೇಕಿಲ್ಲ. ಮಳೆ ಬಿದ್ದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ಹೊಲದ ಬಿರುಕಿಗೆ ಕೋಲು ಇಳಿಬಿಟ್ಟರೆ ಒಂದು ಮೀಟರಿನ ತನಕ ಇಳಿಯುವುದುಂಟು. ಬೆಳೆಯ ಬೇರಿಗೆ ಆಗುವುದೇ ಅರ್ಥ್ ಪೈಪಿಗೂ ಆಗುತ್ತದೆ. ಹಸಿ ಎರೆ ಕರೆಂಟನ್ನು ಬಹಳ ಚೆನ್ನಾಗಿ ಒಯ್ಯುತ್ತದೆ. ಈ ವಿಷಯದಲ್ಲಿ ನಾವು ಮಸಾರಿ ಹೊಲದವರಿಗಿಂತ, ಗರಸು ನೆಲದವರಿಗಿಂತ ಪುಣ್ಯವಂತರು. ಆದರೆ ಒಣಗಿದಾಗ ಮಣ್ಣು ಪೈಪನ್ನು ಬಿಟ್ಟು ಹಿಂದೆ ಸರಿಯುತ್ತದೆ. ಪೈಪಿನ ಸುತ್ತ ಬರೀ ಗಾಳಿ. ಆಗಸ್ಟಿನಲ್ಲಿ ಸರಿಯಿದ್ದ ಅರ್ಥ್ ಏಪ್ರಿಲಿನಲ್ಲಿ ಹೆಸರಿಗೆ ಮಾತ್ರ ಇರುತ್ತದೆ. ಮೂರಡಿ ಉದ್ದದ ಕಬ್ಬಿಣದ ಸರಳು ಹೊಡೆದು ತಂತಿ ಸುತ್ತಿದರೆ ಮುಗಿಯಿತು ಅನ್ನುವ ವಾಯರ್‌ಮನ್ ಮಾತು ನಮ್ಮ ನೆಲಕ್ಕೆ ಹೊಂದದಿರುವುದು ಈ ಕಾರಣಕ್ಕೆ. ಆ ಸರಳು ಪೂರ್ತಿ ಬಿರುಕಿನ ಆಳದಲ್ಲೇ ಇರುತ್ತದೆ.

ಭಾರತೀಯ ಮಾನಕ 3043 ಎಂಬ ಅರ್ಥಿಂಗ್ ನಿಯಮಾವಳಿ ಇದೆ. ಅದರ ಪ್ರಕಾರ ಗ್ಯಾಲ್ವನೈಸ್ ಪೈಪು ಒಳವ್ಯಾಸ 38 ಮಿ.ಮೀ.ಗೆ ಕಡಿಮೆ ಇರಬಾರದು, ಉದ್ದ ಎರಡೂವರೆ ಮೀಟರಿಗೆ ಕಡಿಮೆ ಇರಬಾರದು. ನಮ್ಮಲ್ಲಿ ಮೂರು ಮೀಟರ್ ಹಾಕಿದರೆ ಇನ್ನೂ ಒಳ್ಳೆಯದು. ಕೆಳಗಿನ ಎರಡು ಮೀಟರ್ ವರ್ಷವಿಡೀ ತೇವದಲ್ಲಿ ಉಳಿಯುತ್ತದೆ. ಪೈಪಿಗೆ ಅಲ್ಲಲ್ಲಿ ತೂತು ಕೊರೆಸಿ. ಒಂದಡಿ ಅಗಲದ ಗುಂಡಿಯಲ್ಲಿ ನಿಲ್ಲಿಸಿ ಸುತ್ತ ಇದ್ದಿಲ ಪುಡಿ, ಉಪ್ಪು ಪದರ ಪದರವಾಗಿ ತುಂಬುವುದು ಹಳೆಯ ಪದ್ಧತಿ. ಉಪ್ಪು ಹೆಚ್ಚಾದರೆ ಪೈಪನ್ನೇ ತಿನ್ನುತ್ತದೆ, ಮಳೆಗೆ ತೊಳೆದೂ ಹೋಗುತ್ತದೆ. ಆದ್ದರಿಂದ ಇದ್ದಿಲು ಜಾಸ್ತಿ, ಉಪ್ಪು ಕಡಿಮೆ ಇರಲಿ. ಪೈಪಿನ ತಲೆ ಮೇಲೆ ಕಾಣುವಂತೆ ಚಿಕ್ಕ ಕಟ್ಟೆ ಕಟ್ಟಿ, ನೀರು ಹಾಕಲು ಬಾಯಿ ಬಿಡಿ. ತಂತಿಯನ್ನು ಸುತ್ತಿ ಬಿಡದೆ ನಟ್ಟು ಬೋಲ್ಟಿನಿಂದ ಬಿಗಿಸಿ.

ಇನ್ನು ಜಾಗ. ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರ ಇರಬೇಕು. ನಮ್ಮ ನೆಲದಲ್ಲಿ ಈ ದೂರಕ್ಕೆ ಇನ್ನೊಂದು ಕಾರಣವೂ ಇದೆ. ಅರ್ಥ್ ಗುಂಡಿಗೆ ನೀರು ಹಾಕುತ್ತಲೇ ಇರಬೇಕು, ತಳಪಾಯದ ಪಕ್ಕದ ಎರೆಗೆ ನೀರು ಹೋದರೆ ಅದು ಉಬ್ಬಿ ಗೋಡೆ ಸೀಳುತ್ತದೆ. ಹಿತ್ತಲಲ್ಲಿ ಬಚ್ಚಲ ನೀರು ಹರಿದು ಹೋಗುವ ಕಡೆ, ಗೋಡೆಗೆ ದೂರ, ದನ ಕಟ್ಟದ, ಮಕ್ಕಳು ಆಡದ ಮೂಲೆ ಸಿಕ್ಕರೆ ಅದೇ ಸರಿಯಾದ ಜಾಗ. ಹೋಳಿ ಹುಣ್ಣಿಮೆಯಿಂದ ಮುಂಗಾರು ಬೀಳುವ ತನಕ ವಾರಕ್ಕೆ ಎರಡು ಕೊಡ ನೀರು ಹೊಯ್ಯಬೇಕು. ಎತ್ತಿಗೆ ನೀರು ಕುಡಿಸುವುದನ್ನು ಮರೆಯದವರು ಇದನ್ನೂ ನೆನಪಿಡಬಹುದು.

ನಳದ ಪೈಪಿಗೆ ಅರ್ಥ್ ತಂತಿ ಸುತ್ತುವ ರೂಢಿ ಬಿಡಬೇಕು. ಓಣಿಯಿಂದ ಬರುವ ಪೈಪು ಈಗ ಹೆಚ್ಚಾಗಿ ಪ್ಲಾಸ್ಟಿಕ್ಕು. ಮನೆಯೊಳಗಿನ ನಾಲ್ಕಡಿ ಕಬ್ಬಿಣಕ್ಕೆ ಅರ್ಥ್ ಕೊಟ್ಟರೆ, ಒಲೆ ಕೆಟ್ಟ ದಿನ ಬಚ್ಚಲ ನಳಕ್ಕೆ ಕರೆಂಟ್ ಬರುತ್ತದೆ. ನ್ಯೂಟ್ರಲ್ಲನ್ನೇ ಅರ್ಥ್ ಪಿನ್ನಿಗೆ ಸೇರಿಸುವುದು ಅದಕ್ಕಿಂತ ಕೆಟ್ಟದ್ದು. ಹೊರಗೆ ನ್ಯೂಟ್ರಲ್ ಕಡಿದ ಗಳಿಗೆಗೆ ಒಲೆಯ ಮೈಯೆಲ್ಲ ಫೇಸಾಗುತ್ತದೆ.

ಎಂಸಿಬಿ ವಾಯರಿಗೆ, ಆರ್‌ಸಿಸಿಬಿ ಮನುಷ್ಯನಿಗೆ

‘ಎಂಸಿಬಿ ಹಾಕ್ಸೇವ್ರಿ, ಇನ್ನೇನ್ ಅಂಜಿಕಿ?’ ಎಂದು ಕೇಳುವವರಿದ್ದಾರೆ. ಒಂದು ಚಿಕ್ಕ ಲೆಕ್ಕ ಹಾಕೋಣ. ಒಲೆಯೊಳಗೆ ಫೇಸ್ ವಾಯರು ಕಿತ್ತು ಸ್ಟೀಲ್ ಮೈಗೆ ತಾಗಿತು ಅಂತಿಟ್ಟುಕೊಳ್ಳಿ. ಟಿಸಿಯ ಅರ್ಥ್ ಚೆನ್ನಾಗಿದೆ, ನಮ್ಮ ಗುಂಡಿಯ ಅಡ್ಡಿ 5 ಓಮ್. 230ನ್ನು 5ರಿಂದ ಭಾಗಿಸಿದರೆ 46 ಆಂಪ್ ಹರಿಯುತ್ತದೆ. 16 ಆಂಪಿನ ಎಂಸಿಬಿ ಇದಕ್ಕೆ ಬೀಳುತ್ತದೆ, ಆದರೆ ಕೂಡಲೇ ಅಲ್ಲ. ಕೆಲವು ಸೆಕೆಂಡು ಬೇಕು. ಈಗ ಬೇಸಿಗೆ ಬಂತು, ಗುಂಡಿ ಒಣಗಿ ಅಡ್ಡಿ 30 ಓಮ್ ಆಯಿತು. ಆಗ ಹರಿಯುವುದು 8 ಆಂಪಿಗೂ ಕಡಿಮೆ. ಎಂಸಿಬಿಯ ಲೆಕ್ಕದಲ್ಲಿ ಇದು ಒಲೆ ಉರಿದ ಹಾಗೆಯೇ. ಅದು ಬೀಳುವುದೇ ಇಲ್ಲ. ಒಲೆಯ ಮೈ ಕರೆಂಟ್ ಹೊತ್ತುಕೊಂಡು ಮುಟ್ಟುವವರಿಗೆ ಕಾಯುತ್ತಿರುತ್ತದೆ.

ಆರ್‌ಸಿಸಿಬಿ ಬೇರೆ ಥರದ್ದು. ಫೇಸಿನಲ್ಲಿ ಹೋದ ಕರೆಂಟ್ ಪೂರ್ತಿ ನ್ಯೂಟ್ರಲ್ಲಿನಲ್ಲಿ ವಾಪಸು ಬಂತೋ ಎಂದು ಅದು ತೂಗಿ ನೋಡುತ್ತದೆ. ಬೇರೆ ದಾರಿಯಲ್ಲಿ 30 ಮಿಲಿ ಆಂಪ್, ಅಂದರೆ ಒಂದು ಆಂಪಿನ ಸಾವಿರದಲ್ಲಿ ಮೂವತ್ತು ಪಾಲು, ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕಡಿಯುತ್ತದೆ. ಅರ್ಥ್ ಗುಂಡಿ ನೂರು ಓಮ್ ಆದರೂ 2.3 ಆಂಪ್ ಸೋರುತ್ತದೆ, ಅದಕ್ಕೆ ಅಷ್ಟು ಧಾರಾಳ ಸಾಕು. ಅರ್ಥ್ ಇರುವ ಮನೆಯಲ್ಲಿ ಯಾರೂ ಮುಟ್ಟುವ ಮೊದಲೇ ಅದು ಬೀಳುತ್ತದೆ. ಅರ್ಥ್ ಇಲ್ಲದ ಮನೆಯಲ್ಲಿ ಯಾರಾದರೂ ಮುಟ್ಟಿದ ಮೇಲೆ ಬೀಳುತ್ತದೆ. ಎರಡೂ ಬೇಕು ಅನ್ನುವುದು ಅದಕ್ಕೇ. ಬೆಲೆ ಹೆಚ್ಚೂಕಡಿಮೆ ಒಂದು ಒಲೆಯಷ್ಟು. ಕೇಳುವಾಗ ‘30 ಮಿಲಿ ಆಂಪಿನದು’ ಎಂದು ಒತ್ತಿ ಹೇಳಿ. 100, 300ರವೂ ಸಿಗುತ್ತವೆ, ಅವು ಜೀವ ಉಳಿಸಲು ಮಾಡಿದವಲ್ಲ. ಮೇಲಿರುವ ‘ಟೆಸ್ಟ್’ ಗುಂಡಿಯನ್ನು ತಿಂಗಳಿಗೊಮ್ಮೆ, ಅಮಾವಾಸ್ಯೆ ಅಂತಲೇ ಇಟ್ಟುಕೊಳ್ಳಿ, ಒತ್ತಿ ನೋಡಬೇಕು. ಒಂದು ಮಾತು: ಒಂದು ಕೈಯಲ್ಲಿ ಫೇಸು, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವನನ್ನು ಆರ್‌ಸಿಸಿಬಿಯೂ ಕಾಯಲಾರದು.

ಮಣ್ಣಿನ ಮೇಲ್ಮುದ್ದೆ ಮನೆಗಳಲ್ಲಿ ಇದನ್ನು ಹಾಕಿದ ಮೇಲೆ ಮಳೆಗಾಲದಲ್ಲಿ ಪದೇ ಪದೇ ಬೀಳುವುದುಂಟು. ‘ಇದು ಕಿರಿಕಿರಿ, ತಗದಬಿಡ್ರಿ’ ಎಂದು ಬೈಪಾಸ್ ಮಾಡಿಸುತ್ತಾರೆ. ಅದು ಬೀಳುವುದು ಗೋಡೆಯೊಳಗಿನ ಹಳೆಯ ವಾಯರು ತೇವಕ್ಕೆ ಸೋರುತ್ತಿದೆ ಎಂದು ಹೇಳಲಿಕ್ಕೆ. ಗೋಡೆ ಮುಟ್ಟಿದರೆ ಜುಮ್ ಅನ್ನುವುದೂ ಅದೇ ಸೋರಿಕೆ. ವಾಯರು ಬದಲಿಸಬೇಕು, ಕಾವಲುಗಾರನನ್ನು ಅಲ್ಲ.

ಗುಂಡಿ ಹೇಗಿದೆ ಎಂದು ನೋಡಲು ಫೇಸಿಗೂ ಅರ್ಥಿಗೂ ಬಲ್ಬು ಹಚ್ಚಿ ‘ಉರೀತು, ಛಲೋ ಅದ’ ಅನ್ನುತ್ತಾರೆ. ನೂರು ವ್ಯಾಟಿನ ಬಲ್ಬಿಗೆ ಅರ್ಧ ಆಂಪೂ ಬೇಡ. 30 ಓಮಿನ ಕೆಟ್ಟ ಅರ್ಥಿನಲ್ಲೂ ಅದು ಬೆಳ್ಳಗೆ ಉರಿಯುತ್ತದೆ. ಅರ್ಥ್ ಅಳೆಯುವ ಮೀಟರೇ ಬೇರೆ, ಪರವಾನಗಿ ಇರುವ ಗುತ್ತಿಗೆದಾರರ ಹತ್ತಿರ ಇರುತ್ತದೆ. ಅಳೆಸುವುದಾದರೆ ಏಪ್ರಿಲಿನಲ್ಲೇ ಅಳೆಸಿ.

ಯಾವ ಒಲೆ, ಯಾವ ಅಡುಗೆ?

ಮಣ್ಣಿನ ತಟ್ಟೆಯಲ್ಲಿ ಬರಿಯ ಸುರುಳಿ ಕೂರಿಸಿದ ಅಗ್ಗದ ಒಲೆ ಸಂತೆಯಲ್ಲೂ ಸಿಗುತ್ತದೆ. ಅದನ್ನು ಮನೆಗೆ ತರಬೇಡಿ. ಕೆಂಪಗೆ ಕಾಣುವ ಆ ಸುರುಳಿಯೇ ಕರೆಂಟಿನ ತಂತಿ. ಪಾತ್ರೆ ತಾಗಿದರೆ, ಹಾಲು ಉಕ್ಕಿದರೆ ಸೀದಾ ಕೈಗೆ. ನೀರು ಕಾಯಿಸುವ ಕಾಯಿಲ್ಲಿನದೂ ಇದೇ ಜಾತಿ ಅಪಾಯ. ಬಕೆಟ್ಟಿನಲ್ಲಿ ಕೈ ಅದ್ದುವ ಮೊದಲು ಸ್ವಿಚ್ ಆರಿಸಿ ಪ್ಲಗ್ಗನ್ನೂ ಕೀಳಬೇಕು.

ಇಂಡಕ್ಷನ್ ಒಲೆಯಲ್ಲಿ ಗಾಜಿನ ಕೆಳಗಿನ ಸುರುಳಿ ಆಯಸ್ಕಾಂತದ ಕ್ಷೇತ್ರ ಹುಟ್ಟಿಸುತ್ತದೆ, ಅದರಿಂದ ಪಾತ್ರೆಯ ತಳವೇ ಕಾಯುತ್ತದೆ. ಆಯಸ್ಕಾಂತ ಅಂಟುವ ತಳ ಬೇಕು. ಅಲ್ಯುಮಿನಿಯಂ, ತಾಮ್ರ, ಮಣ್ಣಿನ ಗಡಿಗೆ ಆಗದು. ಇನ್‌ಫ್ರಾರೆಡ್ ಒಲೆಗೆ ಯಾವ ಪಾತ್ರೆಯಾದರೂ ಸರಿ, ಆದರೆ ಆರಿಸಿದ ಮೇಲೂ ಗಾಜು ಬಹಳ ಹೊತ್ತು ಸುಡುತ್ತದೆ. ಮಕ್ಕಳಿರುವ ಮನೆಯವರು ಗಮನಿಸಿ. ಕೆಲವು ಪ್ಲಾಸ್ಟಿಕ್ ಮೈಯ ಒಲೆಗಳಿಗೆ ಎರಡೇ ಪಿನ್ ಇರುತ್ತದೆ. ಚೀಟಿಯಲ್ಲಿ ಚೌಕದೊಳಗೆ ಚೌಕದ ಗುರುತಿದ್ದರೆ ಅದು ಎರಡು ಪದರದ ರಕ್ಷಣೆಯದು, ಆಗಬಹುದು. ಲೋಹದ ಮೈಯ ಒಲೆಗೆ ಮಾತ್ರ ಮೂರನೆಯ ಪಿನ್ ಬೇಕೇ ಬೇಕು. ಅದನ್ನು ಮುರಿದು ಎರಡು ತೂತಿಗೆ ಚುಚ್ಚುವುದು ಬೇಡ.

ರೊಟ್ಟಿಯ ಮಾತು. ಬೀಡಿನ ಹಂಚು ಇಂಡಕ್ಷನ್ನಿಗೆ ಹಿಡಿಯುತ್ತದೆ. ಆದರೆ ಕಾಯುವುದು ನಡುವಿನ ಆರೇಳು ಇಂಚು ಅಗಲ ಮಾತ್ರ. ನಮ್ಮ ಜೋಳದ ರೊಟ್ಟಿ ಅದಕ್ಕಿಂತ ಅಗಲ. ನಡುವೆ ಹೊತ್ತುತ್ತದೆ, ಅಂಚು ಹಸಿ. ಒಮ್ಮೆಲೆ ಜೋರು ಇಟ್ಟರೆ ಹಂಚು ಸೀಳುವ ಭಯವೂ ಇದೆ. ರೊಟ್ಟಿಗೆ ಕಟ್ಟಿಗೆ ಒಲೆಯೋ ಗ್ಯಾಸೋ ಇರಲಿ. ಅನ್ನ, ಬೇಳೆ, ಹಾಲು, ಚಹ ಇದರಲ್ಲಿ ಆಗಲಿ. ಎಲ್ಲವನ್ನೂ ಒಂದೇ ಒಲೆಗೆ ತರಬೇಕೆಂಬ ಹಟ ಬೇಡ.

ಯೂನಿಟ್ಟಿನ ಲೆಕ್ಕ

ಒಂದು ಲೀಟರ್ ನೀರು ಕುದಿಯಲು ಇಂಡಕ್ಷನ್ನಿನಲ್ಲಿ ಹತ್ತರಲ್ಲೊಂದು ಯೂನಿಟ್ ಬೇಕು. 14.2 ಕಿಲೋ ಸಿಲಿಂಡರ್ ಮಾಡುವ ಕೆಲಸಕ್ಕೆ ಸುಮಾರು 130 ಯೂನಿಟ್. ನಿಮ್ಮ ಬಿಲ್ಲಿನಲ್ಲಿರುವ ದರದಿಂದ ಗುಣಿಸಿ, ಸಿಲಿಂಡರ್ ದರದ ಪಕ್ಕಕ್ಕಿಟ್ಟು ನೋಡಿ. ಭಾರೀ ಉಳಿತಾಯ ಕಾಣುವುದಿಲ್ಲ.

‘ಗೃಹಜ್ಯೋತಿ ಅದಲ್ಲ, ಕರೆಂಟ್ ಪುಕ್ಕಟೆ’ ಎಂದು ಒಲೆ ತಂದವರು ಒಂದು ಅಂಶ ಗಮನಿಸಿ. 2023ರ ಜುಲೈಯಲ್ಲಿ ಬಂದ ಈ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಇಲ್ಲ. ಯೋಜನೆ ಬಂದಾಗ 2022-23ರ ನಿಮ್ಮ ಸರಾಸರಿ ಬಳಕೆಗೆ ಶೇ. 10 ಸೇರಿಸಿದ್ದಷ್ಟೇ ನಿಮ್ಮ ಪಾಲು ಎಂದಿತ್ತು. ತಿಂಗಳಿಗೆ 60 ಯೂನಿಟ್ ಬಳಸುತ್ತಿದ್ದ ಮನೆಗೆ 66 ಯೂನಿಟ್. ಮೇಲಿನದಕ್ಕೆ ದುಡ್ಡು ಕೊಡಬೇಕು, 200 ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ಮೂರು ಹೊತ್ತಿನ ಅಡುಗೆ ಒಲೆಗೆ ತಂದರೆ ಪಾಲು ದಾಟುವುದು ಖಾತ್ರಿ.

ಗುಡುಗು, ಹೊಳೆ, ಶಾಕು

ವೋಲ್ಟೇಜ್ 180ಕ್ಕೆ ಇಳಿದರೆ ಸುರುಳಿ ಒಲೆಯ ಕಾವು ಆರಾಣೆಯಷ್ಟು ಕಮ್ಮಿಯಾಗುತ್ತದೆ. ಅದು ಅಪಾಯವಲ್ಲ. ದೀಪ ಇದ್ದಕ್ಕಿದ್ದಂತೆ ಪ್ರಖರವಾದರೆ ಹೊರಗೆ ನ್ಯೂಟ್ರಲ್ ಕಡಿದಿರಬಹುದು, ಓಡಿ ಮೇನ್ ಇಳಿಸಬೇಕು. ಅಡ್ಡಮಳೆಯ ದಿನಗಳಲ್ಲಿ ಗುಡುಗು ಕೇಳಿದೊಡನೆ ಒಲೆಯ ಪ್ಲಗ್ ಕೀಳಿ. ಇಂಡಕ್ಷನ್ ಒಲೆಯ ಕೆಳಗೆ ಪೇಪರ್, ಬಟ್ಟೆ ಹಾಸಬೇಡಿ, ಅದರ ಫ್ಯಾನು ಉಸಿರಾಡುವುದು ಅಲ್ಲಿಂದಲೇ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಡಾಕ್ಟರನ್ನು ಕೇಳದೆ ಇಂಡಕ್ಷನ್ ಬಳಿ ನಿಲ್ಲುವುದು ಬೇಡ.

2009ರಲ್ಲಿ, 2019ರಲ್ಲಿ ಮಲಪ್ರಭೆ, ಬೆಣ್ಣೆಹಳ್ಳ ತುಂಬಿ ರೋಣ, ನರಗುಂದದ ಹಳ್ಳಿಗಳಿಗೆ ನೀರು ನುಗ್ಗಿದ್ದನ್ನು ಮರೆತಿಲ್ಲ. ನೀರು ಬರುವ ಸುದ್ದಿ ಇದ್ದರೆ ಮನೆ ಬಿಡುವ ಮೊದಲು ಮೇನ್ ಇಳಿಸಿ. ನೀರಿಳಿದ ಮೇಲೆ ಮುಳುಗಿದ್ದ ಸಾಕೆಟ್ಟು, ಆರ್‌ಸಿಸಿಬಿಗಳನ್ನು ಒಣಗಿಸಿ ಬಳಸಬಾರದು, ಬದಲಿಸಬೇಕು. ವಾಯರ್‌ಮನ್ ನೋಡುವ ತನಕ ಮೇನ್ ಏರಿಸಬಾರದು.

ಯಾರಿಗಾದರೂ ಶಾಕ್ ಹಿಡಿದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್. ಮೇನ್ ದೂರವಿದ್ದರೆ ಒಣಗಿದ ಬಡಿಗೆಯಿಂದ ವಾಯರನ್ನು ಸರಿಸಿ. ಹಸಿ ಕಟ್ಟಿಗೆ, ಒದ್ದೆ ಬಟ್ಟೆ ಕೂಡದು. ಉಸಿರು ನಿಂತಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಕೈ ಕೂಡಿಸಿಟ್ಟು ನಿಮಿಷಕ್ಕೆ ನೂರರ ಮೇಲೆ ಒತ್ತುತ್ತಿರಬೇಕು, 108 ಗಾಡಿ ಬರುವ ತನಕ. ಹೊರಗಿನ ಲೈನ್ ಕಡಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ. ಈ ಎರಡೂ ನಂಬರನ್ನು ಒಲೆಯ ಸ್ವಿಚ್ ಬೋರ್ಡಿನ ಪಕ್ಕ, ಮನೆಯ ಹುಡುಗರಿಗೆ ಎಟಕುವ ಎತ್ತರದಲ್ಲಿ, ಬಣ್ಣದಲ್ಲಿ ಬರೆಸಿಡಿ.