ದಾದಿಯ ಮಾತ್ರೆ, ನನ್ನ ಎರಡು ಚಮಚ

ನಮ್ಮ ದಾದಿಗೆ ಮಾತ್ರೆ ನುಂಗುವುದು ಕಷ್ಟ. ದಿನಾ ಬೆಳಿಗ್ಗೆ ನಾನೇ ಎರಡು ಚಮಚದ ನಡುವೆ ಒತ್ತಿ, ಪುಡಿ ಮಾಡಿ, ಜೇನಿನಲ್ಲಿ ಕಲಸಿ ಕೊಡುತ್ತಿದ್ದೆ. ಹತ್ತು ಗಂಟೆಯ ಹೊತ್ತಿಗೆ "ಚಕ್ಕರ್ ಆರಾ ಬೇಟಾ" ಎಂದು ಗೋಡೆ ಹಿಡಿದು ಕೂರುತ್ತಿದ್ದರು. ವಯಸ್ಸಾಯಿತು ಅಂದುಕೊಂಡೆವು.

ಬಾಳೂರಿನಿಂದ ಮೂಡಿಗೆರೆಗೆ ಹೋದಾಗ ಔಷಧಿ ಅಂಗಡಿಯವರು ಸ್ಟ್ರಿಪ್ ಮೇಲೆ ಬೆರಳಿಟ್ಟು ತೋರಿಸಿದರು: ಮೆಟೊಪ್ರೊಲಾಲ್, ಪಕ್ಕದಲ್ಲೇ 'ಎಕ್ಸ್‌ಎಲ್'. ಅಂದರೆ ಔಷಧಿ ಸುಮಾರು 24 ಗಂಟೆ ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗಬೇಕು. ಪುಡಿ ಮಾಡಿದರೆ ಇಡೀ ದಿನದ್ದು ಒಮ್ಮೆಲೇ ರಕ್ತಕ್ಕೆ ಸೇರಿ ನಾಡಿಬಡಿತ, ಬಿಪಿ ತೀರಾ ಇಳಿಯಬಹುದು. ಕಾಮರ್ಸ್ ಓದುವ ನನಗೆ ಇದು ತಿಂಗಳ ಸಂಬಳವನ್ನು ಒಂದೇ ದಿನ ಮುಗಿಸಿದಂತೆ ಕಂಡಿತು.

ಎಸ್‌ಆರ್, ಇಆರ್, ಸಿಆರ್ ಎಂದಿದ್ದರೂ ಪುಡಿ ಮಾಡಬಾರದು. ದಿನಾ ತಿನ್ನುವ ಆಸ್ಪಿರಿನ್‌ಗೆ ಹೊದಿಕೆಯಿದ್ದರೆ ಅದೂ ಹಾಗೆಯೇ. ಜಠರದಲ್ಲಿ ಕರಗದೆ ಕರುಳಿನಲ್ಲಿ ಕರಗಲೆಂದೇ ಆ ಹೊದಿಕೆ. ಅಮ್ಲೋಡಿಪಿನ್‌ನಂಥ ಸಾದಾ ಮಾತ್ರೆಯನ್ನು ಪುಡಿ ಮಾಡಬಹುದು, ಕೇಳಿಕೊಂಡು.

ಅಬ್ಬಾ ಗಾಬರಿಯಾಗಿ, "ನಾಳೆಯಿಂದ ಆ ಮಾತ್ರೆಯೇ ಬೇಡ" ಎಂದರು. ಅಂಗಡಿಯವರು ತಡೆದರು. ಮೆಟೊಪ್ರೊಲಾಲನ್ನು ಹಠಾತ್ತಾಗಿ ನಿಲ್ಲಿಸಿದರೆ ಎದೆನೋವು, ಹೃದಯಾಘಾತವೂ ಆಗಬಹುದಂತೆ.

ವೈದ್ಯರು ಈಗ ಸಾದಾ ಮೆಟೊಪ್ರೊಲಾಲ್ ಬರೆದುಕೊಟ್ಟಿದ್ದಾರೆ, ದಿನಕ್ಕೆ ಎರಡು ಸಲ. ಇದನ್ನು ಪುಡಿ ಮಾಡಬಹುದು ಎಂದೂ ಹೇಳಿದ್ದಾರೆ. ನನ್ನ ಚಮಚಗಳು ಮತ್ತೆ ಹೊರಬಂದಿವೆ.