ಹಳೆಯ ವಿಂಡೋಸ್‌ನ ಬ್ಲೂಕೀಪ್ ದೋಷ: ಮಾಡಬೇಕಾದ್ದು, ಮಾಡಬಾರದ್ದು

ಅಂಗಡಿ, ಕಚೇರಿ, ಕ್ಲಿನಿಕ್‌ಗಳಲ್ಲಿ ಇಂದಿಗೂ ವಿಂಡೋಸ್ 7, ಎಕ್ಸ್‌ಪಿ, ವಿಸ್ಟಾ ಅಥವಾ ಸರ್ವರ್ 2003, 2008 ಬಳಸುತ್ತಿರುವವರೆಲ್ಲರ ಗಮನಕ್ಕೆ. ಇವುಗಳ ರಿಮೋಟ್ ಡೆಸ್ಕ್‌ಟಾಪ್ ಸೇವೆಯಲ್ಲಿ ಬ್ಲೂಕೀಪ್ ಎಂಬ ಮೆಮೊರಿ ದೋಷವಿದೆ. ಅದರ ಸಂಖ್ಯೆ ಸಿವಿಇ-2019-0708. ಮೈಕ್ರೋಸಾಫ್ಟ್ 2019ರ ಮೇ 14ರಂದೇ ಪ್ಯಾಚ್ ಕೊಟ್ಟಿದೆ.

ದೋಷ ಏನು?
ಸಂಪರ್ಕ ಶುರುವಾದಾಗ ಈ ಸೇವೆ ಎಂಎಸ್_ಟಿ120 ಎಂಬ ಒಳಚಾನಲ್ಲನ್ನು ತಾನೇ ತೆರೆದು 31ನೇ ಸ್ಥಾನದಲ್ಲಿ ಇಟ್ಟುಕೊಳ್ಳುತ್ತದೆ. ದಾಳಿಕೋರ ಅದೇ ಹೆಸರಿನ ಚಾನಲ್ಲನ್ನು ಬೇರೆ ಸ್ಥಾನಕ್ಕೆ ಕೇಳಿ ಪಡೆದು, ಮುಚ್ಚಿಸುತ್ತಾನೆ. ಅದರ ಮೆಮೊರಿ ತೆರವಾಗುತ್ತದೆ. 31ನೇ ಸ್ಥಾನದಲ್ಲಿ ಮಾತ್ರ ಹಳೆಯ ವಿಳಾಸ ಹಾಗೇ ಉಳಿಯುತ್ತದೆ. ತೆರವಾದ ಜಾಗದಲ್ಲಿ ಅವನು ತನಗೆ ಬೇಕಾದ್ದನ್ನು ತುಂಬಿದರೆ ವಿಂಡೋಸ್‌ನ ತಿರುಳಾದ ಕರ್ನಲ್ ಅವನ ಕೋಡನ್ನೇ ನಡೆಸುತ್ತದೆ. ಇದೆಲ್ಲ ಲಾಗಿನ್‌ಗೆ ಮೊದಲೇ ನಡೆಯುವುದರಿಂದ ಗಟ್ಟಿ ಪಾಸ್‌ವರ್ಡ್ ಇದ್ದರೂ ರಕ್ಷಣೆಯಿಲ್ಲ.

ಮಾಡಬೇಕಾದ್ದು
- ಮೊದಲು ಪ್ಯಾಚ್ ಹಾಕಿ. ವಿಂಡೋಸ್ 7ರ ಅಪ್‌ಡೇಟ್ ಪಟ್ಟಿಯಲ್ಲಿ ಕೆಬಿ4499164, ಕೆಬಿ4499175 ಅಥವಾ ನಂತರದ ಯಾವುದಾದರೂ ತಿಂಗಳ ರೋಲಪ್ ಇದೆಯೇ ನೋಡಿ. ಎಕ್ಸ್‌ಪಿಗೆ ಕೆಬಿ4500331 ಅನ್ನು ಮೈಕ್ರೋಸಾಫ್ಟ್ ತಾಣದಿಂದ ನೀವೇ ಇಳಿಸಿಕೊಳ್ಳಬೇಕು.
- ರಿಮೋಟ್ ಡೆಸ್ಕ್‌ಟಾಪ್ ಬೇಕಿಲ್ಲದಿದ್ದರೆ ಆಫ್ ಮಾಡಿ. ವಿಂಡೋಸ್ 7ರಲ್ಲಿ ‘ಕಂಪ್ಯೂಟರ್’ ಮೇಲೆ ರೈಟ್ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’, ‘ರಿಮೋಟ್ ಸೆಟ್ಟಿಂಗ್ಸ್‌’ಗೆ ಹೋಗಿ.
- ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389ನೇ ಪೋರ್ಟ್ ಮುಚ್ಚಿಸಿ. ಹೊರಗಿನಿಂದ ಕೆಲಸ ಮಾಡಲೇಬೇಕಾದರೆ ವಿಪಿಎನ್ ಮೂಲಕ ಬನ್ನಿ.
- ಲೆಕ್ಕಪತ್ರದ ಬ್ಯಾಕಪ್ ತೆಗೆದು, ಆ ಹಾರ್ಡ್‌ಡಿಸ್ಕನ್ನು ಕಂಪ್ಯೂಟರಿನಿಂದ ಬಿಚ್ಚಿಡಿ.

ಮಾಡಬಾರದ್ದು
- ಪೋರ್ಟ್ ಸಂಖ್ಯೆ ಬದಲಿಸಿ ಸುಮ್ಮನಾಗಬೇಡಿ. ಸ್ಕ್ಯಾನ್ ಮಾಡುವವರು ಉಳಿದ ಪೋರ್ಟ್‌ಗಳನ್ನೂ ತಡಕುತ್ತಾರೆ.
- ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್ (ಸಂಪರ್ಕಕ್ಕೆ ಮೊದಲೇ ಪಾಸ್‌ವರ್ಡ್ ಕೇಳುವ ವ್ಯವಸ್ಥೆ) ಆನ್ ಇದೆಯೆಂದು ಪ್ಯಾಚ್ ಬಿಡಬೇಡಿ. ಕದ್ದ ಪಾಸ್‌ವರ್ಡ್ ಕೈಯಲ್ಲಿರುವವನನ್ನು ಅದು ತಡೆಯದು.
- ಪರೀಕ್ಷೆಗೆಂದು ಎಲ್ಲೋ ಸಿಕ್ಕ ದಾಳಿ ಕೋಡನ್ನು ಕೆಲಸದ ಯಂತ್ರದ ಮೇಲೆ ಓಡಿಸಬೇಡಿ. ನೀಲಿ ಪರದೆ ಬಂದು ಯಂತ್ರ ನಿಂತುಹೋಗಬಹುದು, ಸೇವ್ ಆಗದ ಕೆಲಸವೆಲ್ಲ ಹೋಗುತ್ತದೆ.
- ‘ನಮ್ಮದು ಸಣ್ಣ ಅಂಗಡಿ, ನಮ್ಮ ತಂಟೆಗೆ ಯಾರು ಬರುತ್ತಾರೆ’ ಎನ್ನಬೇಡಿ. ಇಂಥ ದೋಷದಿಂದ ವರ್ಮ್ ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹರಡಬಲ್ಲದು. ಇನ್ನೊಂದು ವಿಂಡೋಸ್ ದೋಷಕ್ಕೆ 2017ರ ಮಾರ್ಚ್‌ನಲ್ಲೇ ಪ್ಯಾಚ್ ಬಂದಿತ್ತು; ಹಾಕಿಕೊಳ್ಳದವರ ಯಂತ್ರಗಳನ್ನು ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ವರ್ಮ್ ಹಿಡಿಯಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು.

ವಿಂಡೋಸ್ 7ರ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಈ ಪ್ಯಾಚ್ ಒಂದು ದೋಷವನ್ನಷ್ಟೇ ಮುಚ್ಚುತ್ತದೆ. ಪ್ಯಾಚ್ ಇಂದೇ ಹಾಕಿ. ಹಳೆಯ ವಿಂಡೋಸ್ ಬಿಡುವ ದಿನವನ್ನೂ ಇಂದೇ ಗೊತ್ತುಮಾಡಿ.